ತಾಡಪಾಲು ಹೊಲಿಯುವವನ ಲಾಗ

ಬೆಳಗಿನ ಐದೂವರೆ. ಯಲ್ಲಾಪುರ ತಾಲೂಕಿನ ಅಂಚಿನ ಹಿನ್ನೀರು ಇನ್ನೂ ಎಚ್ಚರವಾಗಿಲ್ಲ, ಕಾಸಿ ಆರಿಸಿದ ಎಣ್ಣೆಯ ಹಾಗೆ ಅಲುಗದೆ ಬಿದ್ದುಕೊಂಡಿದೆ. ದಂಡೆಯ ಮೇಲೆ ಜಹಾಂಗೀರ್ ಒಂಬತ್ತು ಕೈಟುಗಳನ್ನು, ಸವಾರರನ್ನು ನೀರಿನ ಮೇಲೆ ಎಳೆದೊಯ್ಯುವ ದೊಡ್ಡ ಪಟಗಳನ್ನು, ಮಗುಚಿ ಹಾಸಿಕೊಂಡು, ಮೊಣಕಾಲೂರಿ, ಒಂದೊಂದರ ಹೊಲಿಗೆಯ ಮೇಲೂ ಹೆಬ್ಬೆರಳು ಎಳೆಯುತ್ತ ಹೋಗುತ್ತಾರೆ. ಬಿಟ್ಟ ಹೊಲಿಗೆ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದಂತೆ. ನಾಲ್ಕನೆಯದರ ಅಂಚಿನಲ್ಲಿ ಬೆರಳು ನಿಲ್ಲುತ್ತದೆ. ಸೊಂಟದ ಚೀಲದಿಂದ ಬಾಗಿದ ಸೂಜಿ ಹೊರಬರುತ್ತದೆ.

"ಇದು ನಿನ್ನೆ ಮೂಗು ಮುಂದ ಮಾಡಿ ಬಿದ್ದೈತ್ರಿ. ಹುಬ್ಬಳ್ಳಿಯಿಂದ ಬಂದಿದ್ರಲ್ಲ, ಕರಿ ಕನ್ನಡಕದವರು, ಹೆದರಿ ಹಿಡಿಕಿ ಜಗ್ಗಿದಾರ. ಎಲ್ಲಾರೂ ಜಗ್ಗೇ ಜಗ್ತಾರ," ಎನ್ನುತ್ತಾರೆ, ದಾರವನ್ನು ಹಲ್ಲಿನಿಂದ ಕಡಿಯುತ್ತ.

ಈ ಖಾಸಗಿ ಜಲಕ್ರೀಡಾ ಶಿಬಿರದ ಹಾಜರಿ ಪುಸ್ತಕದಲ್ಲಿ ಜಹಾಂಗೀರ್ 'ಸಹಾಯಕ'. ವಯಸ್ಸು ನಲವತ್ತಮೂರು. ಯಲ್ಲಾಪುರದ ಮನೆಯಿಂದ ಇಪ್ಪತ್ತನಾಲ್ಕು ಕಿಲೋಮೀಟರ್ ಮೊಪೆಡ್ಡಿನಲ್ಲಿ ಬರುತ್ತಾರೆ. ಮಧ್ಯಾಹ್ನ ಒಂದರವರೆಗೆ ಹೊಲಿಗೆ, ಪಂಪು, ಹಗ್ಗ. ಒಂದರ ನಂತರ ಗಾಳಿ ಏಳುತ್ತದೆ. ಆಗ ಪ್ರವಾಸಿಗರ ಕೈಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಆಕಾಶಕ್ಕೆ ಬಿಡಬೇಕು. ಶನಿವಾರ, ಭಾನುವಾರ ದಿನಕ್ಕೆ ನಲವತ್ತು ಸಲ. ಈ ಜಿಲ್ಲೆಯ ಒಳನಾಡಿನ ನೀರಿನಲ್ಲಿ ಹಾಯಿ ಹಿಡಿದು ಗಾಳಿಯಲ್ಲಿ ಪೂರ್ತಿ ಲಾಗ ಹಾಕಬಲ್ಲವರು ಯಾರೆಂದು ಶಿಬಿರದಲ್ಲಿ ಕೇಳಿದರೆ, ಯಾರೂ ಇಲ್ಲ ಎನ್ನುತ್ತಾರೆ. ಇದ್ದಾರೆ. ಕೈಟು ಎತ್ತಿಕೊಡುತ್ತಾರೆ.

ಜಹಾಂಗೀರರ ತಂದೆ ಅಸದ್ ಸಾಬರು ಲಾರಿಯ ತಾಡಪಾಲು ಹೊಲಿಯುತ್ತಿದ್ದರು. ಅರಬೈಲ್ ಘಟ್ಟ ಇಳಿಯುವ ಮುನ್ನ ಲಾರಿಗಳು ಯಲ್ಲಾಪುರದಲ್ಲಿ ನಿಂತು ಹೊದಿಕೆ ಬಿಗಿ ಮಾಡಿಕೊಳ್ಳುತ್ತವೆ. ಹತ್ತನೆಯ ವಯಸ್ಸಿಗೆ ಜಹಾಂಗೀರ್ ಲೋಡಿನ ಮೇಲೆ ಹತ್ತಿದವರು. ಅಲ್ಲಿ ಕಲಿತ ಮೊದಲ ಪಾಠ, ತಾಡಪಾಲಿನ ಅಡಿಗೆ ಗಾಳಿ ಹೊಕ್ಕರೆ ಕೈ ಬಿಡಬೇಕು. ತಂದೆಯ ಜೊತೆಗಾರ ಬೀರ ಒಮ್ಮೆ ಬಿಡಲಿಲ್ಲ. ಗಾಳಿ ಅವರನ್ನು ತಾಡಪಾಲಿನ ಸಮೇತ ಎತ್ತಿ ರಸ್ತೆಗೆ ಹಾಕಿತು. ಸೊಂಟ ಮುರಿದು ಮನೆ ಹಿಡಿದವರು ಮತ್ತೆ ಲಾರಿ ಹತ್ತಲಿಲ್ಲ. ಜಹಾಂಗೀರ್ ಅಪ್ಪನನ್ನು ನೆನೆಯುತ್ತಾರೆ: "ಅಬ್ಬಾ ದಿನಾ ಬೈತಿದ್ರು, ಬಿಡೋ, ಬಿಡೋ, ತಾಡಪಾಲು ಇನ್ನೊಂದು ಬರ್ತೈತಿ ಅಂತ. ನನ್ನ ಕೈ ತಲಿ ಮಾತು ಕೇಳಂಗಿಲ್ರಿ. ಗಾಳಿ ಹೊಕ್ಕಿತೋ, ತಾನ ಬಿಟ್ಟುಬಿಡ್ತೈತಿ."

ಆರು ವರ್ಷದ ಹಿಂದೆ ಶಿಬಿರದ ಹರಿದ ಹಾಯಿಗಳು ಯಲ್ಲಾಪುರದ ಅವರ ಹೊಲಿಗೆ ಅಂಗಡಿಗೆ ಬಂದವು. ಹಲಗೆಯ ಮೇಲೆ ಕಂಬ ನೆಟ್ಟು, ಅದಕ್ಕೆ ಕಟ್ಟಿದ ಹಾಯಿಯನ್ನು ಅಡ್ಡಪಟ್ಟಿಯಿಂದ ಹಿಡಿದು ನೀರಿನ ಮೇಲೆ ಓಡುವ ವಿಂಡ್‌ಸರ್ಫಿಂಗಿನ ಹಾಯಿಗಳವು. ಮೂರು ಸಲ ಹೊಲಿದರು. ಮೂರು ಸಲವೂ ಎದೆಯ ಎತ್ತರದ ಅದೇ ಪಟ್ಟಿ, ಹೊಲಿಗೆಯ ಪಕ್ಕದಲ್ಲೇ ಹರಿದು ಬಂತು. ನಾಲ್ಕನೆಯ ಸಲ ಮೊಪೆಡ್ ಹತ್ತಿ ನೋಡಲು ಹೋದರು. ಕಲಿಯುವವರು ಗಾಳಿಗೆ ಎದ್ದ ಅಲೆಯ ಮೇಲಿಂದ ಚಿಮ್ಮಿ ಮೇಲೇಳುತ್ತಿದ್ದರು, ಮೇಲೆ ಹೋದದ್ದೇ ಹೆದರಿ ಕೈ ಬಿಡುತ್ತಿದ್ದರು. ಹಾಯಿ ಮೊದಲು ಬೀಳುತ್ತಿತ್ತು, ಅದರ ಮೇಲೆ ಅವರ ಮೊಣಕಾಲು. ಅಲ್ಲಿಗೆ ಹರಕಿನ ಕಾರಣ ತಿಳಿಯಿತು. ತಿಳಿದ ಮೇಲೆ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ, ಹಲಗೆ ಹತ್ತಿದರು.

ನಿಲ್ಲಲು ಒಂದು ಬೇಸಿಗೆ, ಓಡಲು ಒಂದು, ಚಿಮ್ಮಲು ಇನ್ನೊಂದು. ಆಮೇಲೆ ಲಾಗ. ಚಿಮ್ಮಿದ ಕ್ಷಣ ಹಿಂದಿನ ಕೈಯಿಂದ ಹಾಯಿಯನ್ನು ಮೈಗೆ ಎಳೆದುಕೊಂಡು, ತಲೆಯನ್ನು ಹಿಂದಕ್ಕೆ ತಿರುಗಿಸಿ, ಮುದುಡಿಕೊಳ್ಳಬೇಕು. ಉಳಿದದ್ದನ್ನು ಗಾಳಿ ಮಾಡುತ್ತದೆ, ಮನುಷ್ಯ, ಕಂಬ, ಹಲಗೆ ಮೂರನ್ನೂ ಒಟ್ಟಿಗೆ ಮಗುಚುತ್ತದೆ. ಒಂದೇ ಷರತ್ತು, ಕೈ ಬಿಡಬಾರದು. ಬಿಟ್ಟರೆ ಹಲಗೆ ಒಂದು ಕಡೆ, ಕಂಬ ಪಕ್ಕೆಲುಬಿಗೆ. ಜಹಾಂಗೀರರ ಕೈ ಪ್ರತಿ ಸಲವೂ ಬಿಟ್ಟಿತು. ಎರಡು ಬೇಸಿಗೆ, ಮುನ್ನೂರಕ್ಕೂ ಹೆಚ್ಚು ಸಲ. ಈಗ ಅಂಗಡಿ ನೋಡಿಕೊಳ್ಳುವ ಹೆಂಡತಿ ಸಾಲೇಹಾ ಆ ದಿನಗಳ ಬಗ್ಗೆ ಹೇಳುವುದು ಒಂದೇ ಮಾತು: "ಹಾರೋದು ಇವರು, ಬೆನ್ನಿಗೆ ಎಣ್ಣಿ ತಿಕ್ಕೋದು ನಾನು. ಪ್ರಶಸ್ತಿ ಕೊಡೋದಿದ್ರ ನನಗ ಕೊಡ್ರಿ."

ಆಗಲೇ ಜಹಾಂಗೀರ್ ಒಂದು ಹುಚ್ಚು ಕೆಲಸ ಮಾಡಿದರು. ಲಾರಿಯ ಹಗ್ಗದ ತುಂಡಿನಿಂದ ತಮ್ಮ ಎಡಗೈಯನ್ನು ಅಡ್ಡಪಟ್ಟಿಗೆ ಬಿಗಿದುಕೊಂಡರು. ಘಟ್ಟದ ಇಳಿಜಾರಿನಲ್ಲೂ ಸಡಿಲವಾಗದ ಗಂಟು. ಚಿಮ್ಮಿದರು, ಅರ್ಧ ತಿರುಗಿದರು, ಹಾಯಿಯ ಅಡಿಯಲ್ಲಿ ನೀರಿಗೆ ಹೋದರು. ಗಂಟು ಬಿಚ್ಚಲಿಲ್ಲ. ಶಿಬಿರಕ್ಕೆ ದೋಣಿ ಕೊಟ್ಟು ತಾವೇ ಓಡಿಸುವ ವಜ್ರಳ್ಳಿಯ ಅಡಿಕೆ ತೋಟಿಗ ಸೀತಾರಾಮ ಹೆಗಡೆ ಕತ್ತಿಯಿಂದ ಹಗ್ಗ ಕೊಯ್ದು ಎಳೆದು ಹಾಕಿದರು. ನೀರು ಕಾರಿ ಮುಗಿಸುವವರೆಗೆ ಬೈಯಲಿಲ್ಲ. ಆಮೇಲೆ ಕೇಳಿದರು: "ಎಂತದೋ ಮಾರಾಯ ಇದು? ನೀ ಎಂತ ಲಾರಿ ಲೋಡಾ, ಕಟ್ಟಿ ಕಳಿಸೂಲೆ?"

ಅಲ್ಲಿಂದ ಹಗ್ಗ ಬಿಟ್ಟರು. ಗಾಳಿ ಕಡಿಮೆ ಇರುವ ಸಂಜೆಗಳಲ್ಲಿ, ಚಿಮ್ಮದೆ, ನಿಂತ ನೀರಿನ ಮೇಲೆಯೇ ಹಾಯಿ ಹಿಡಿದುಕೊಂಡು ಹಲಗೆಯ ಮೂಗಿನ ಆಚೆಗೆ ಸುಮ್ಮನೆ ಬೀಳತೊಡಗಿದರು. ದಿನಕ್ಕೆ ನಲವತ್ತು ಸಲ, ಹಿಡಿದುಕೊಂಡೇ. ಮೂವತ್ತು ವರ್ಷ ಅಂಗೈಯಲ್ಲಿ ಕೂತಿದ್ದ ಅಪ್ಪನ ಮಾತನ್ನು ಹೊರಗೆ ಹಾಕಲು ನಾಲ್ಕು ತಿಂಗಳು ಬೇಕಾಯಿತು. ಕಳೆದ ವರ್ಷ ಮಾರ್ಚಿನಲ್ಲಿ ಲಾಗ ಬಿತ್ತು. ಸುತ್ತು ಮುಗಿದಾಗ ಕಾಲ ಕೆಳಗೆ ಹಲಗೆ ಇತ್ತು, ಕೈಯಲ್ಲಿ ಹಾಯಿ ಇತ್ತು.

ಆ ಹೊತ್ತಿಗೆ ಶಿಬಿರಕ್ಕೆ ಕೈಟು ಬಂದಿತ್ತು. ಇಪ್ಪತ್ತು ಮೀಟರ್ ಮೇಲೆ ಹಾರುವ ದೊಡ್ಡ ಪಟ, ಅದರ ದಾರ ಸವಾರನ ಸೊಂಟಕ್ಕೆ, ಹಿಡಿಕೆ ಕೈಗೆ. ಪಟವನ್ನು ನೆತ್ತಿಯ ಮೇಲಕ್ಕೆ ತಿರುಗಿಸಿದರೆ ಸಾಕು, ಅದೇ ಎತ್ತುತ್ತದೆ, ಅದೇ ತೇಲಿಸಿ ಇಳಿಸುತ್ತದೆ. ಹಾಯಿಯವನು ಅಲೆ ಹುಡುಕಿಕೊಂಡು ಹೋಗಿ ಚಿಮ್ಮಬೇಕು, ತನ್ನ ಸಾಮಾನನ್ನೆಲ್ಲ ಹೊತ್ತುಕೊಂಡೇ ಹಾರಬೇಕು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಕೈಟಿನವನು ಆರೇಳು ಸೆಕೆಂಡ್ ಆಕಾಶದಲ್ಲಿ ನೇತಾಡುತ್ತಾನೆ, ಕೈ ಬೀಸುತ್ತಾನೆ. ಒಂದನ್ನು ಕಲಿಯಲು ವರ್ಷಗಳು, ಇನ್ನೊಂದರಲ್ಲಿ ಗಟ್ಟಿಗರು ಒಂದೇ ಬೇಸಿಗೆಯಲ್ಲಿ ಹಾರುತ್ತಾರೆ. ಶಿಬಿರದ ವ್ಯವಸ್ಥಾಪಕ ಸಂದೇಶ ಅವರ ಪ್ರಕಾರ ವಾದಕ್ಕೆ ಜಾಗವೇ ಇಲ್ಲ: "ಜನ ಫೋಟೋಕ್ಕೆ ಬರ್ತಾರೆ. ಹಾಯಿಯವನ ಫೋಟೋ ತೆಗಿಯೋದ್ರೊಳಗೆ ಅವ ನೀರಲ್ಲಿರ್ತಾನೆ."

ಜಹಾಂಗೀರ್ ಕೈಟನ್ನು ಹಳಿಯುವುದಿಲ್ಲ. "ಅದು ಬ್ಯಾರೆ ಬುದ್ಧಿ ಬೇಡ್ತೈತ್ರಿ. ಅಲ್ಲಿ ಹೆದರಿದವರು ಹಿಡಿಕಿ ಜಗ್ತಾರ, ಜಗ್ಗಿದಷ್ಟೂ ಅದು ಜೋರು ಎಳೀತೈತಿ. ಬಿಟ್ರ ತಣ್ಣಗ ಆಗ್ತೈತಿ. ಹಾಯಿ ಬಿಟ್ರ ಸಾಯ್ತೀರಿ, ಕೈಟು ಹಿಡಕೊಂಡ್ರ ಸಾಯ್ತೀರಿ." ಈ ಹಿನ್ನೀರಿನ ದಂಡೆ ತುಂಬ ಮರಗಳು, ನೀರಿನಲ್ಲಿ ಮುಳುಗಿದ ಬೊಡ್ಡೆಗಳು. ಹಾಗಾಗಿ ಬಂದ ಪ್ರತಿಯೊಬ್ಬರನ್ನೂ ಮೊದಲ ಇಪ್ಪತ್ತು ನಿಮಿಷ ಜಹಾಂಗೀರರ ಎದುರು ನಿಲ್ಲಿಸಲಾಗುತ್ತದೆ. ಅವರು ಕಲಿಸುವುದು ಕೈ ಬಿಡುವುದನ್ನು. ಕರಾವಳಿಯಿಂದ ಬಂದ ಇಪ್ಪತ್ತಾರರ ತರಬೇತುದಾರ ಪವನ್ ನಗುತ್ತಾರೆ: "ಭಾಯ್, ನೀವು ಬಿಡೋ ಮಾಸ್ತರು, ನಾನು ಹಾರೋ ಮಾಸ್ತರು." ಜಹಾಂಗೀರರೂ ನಗುತ್ತಾರೆ. ಮಾಸ್ತರು ಎಂಬ ಹೆಸರು ಕಾಗದದ ಮೇಲೆ ಒಬ್ಬರಿಗಷ್ಟೇ ಇದೆ.

ಆ ಕಾಗದ ಕಳೆದ ಮೇ ತಿಂಗಳಲ್ಲಿ ಜಹಾಂಗೀರರಿಗೂ ಸಿಗಬೇಕಿತ್ತು. ಹೊರಗಿನಿಂದ ಬಂದ ಪರೀಕ್ಷಕರು ಒಂದೇ ದಿನ ಎರಡೂ ಆಟಗಳ ಬೋಧಕರನ್ನು ಪರೀಕ್ಷಿಸುವವರಿದ್ದರು. ಹಾಯಿಯ ಬೋಧಕ ಗಾಳಿಯಲ್ಲಿ ಒಂದು ಪೂರ್ತಿ ಸುತ್ತು ಹಾಕಿ ತೋರಿಸಬೇಕು. ತೋರಿಸಿದರೆ ಜಹಾಂಗೀರ್ ಬೋಧಕರು, ಶಿಬಿರದಲ್ಲಿ ಹಾಯಿ ಉಳಿಯುತ್ತದೆ. ಇಲ್ಲದಿದ್ದರೆ ಎರಡೂ ಇಲ್ಲ.

ಅಂದು ಗಾಳಿ ತಡವಾಗಿ, ಮೂರೂವರೆಗೆ ಬಂತು. ಪರೀಕ್ಷಕರಿಗೆ ಐದಕ್ಕೆ ಹೊರಡಬೇಕಿತ್ತು. ಹಾಗಾಗಿ ಇಬ್ಬರನ್ನೂ ಒಟ್ಟಿಗೇ ನೀರಿಗೆ ಇಳಿಸಿದರು. ಜಹಾಂಗೀರ್ ಮೂರು ಅಲೆ ಬಿಟ್ಟರು, ನಾಲ್ಕನೆಯದನ್ನು ಹಿಡಿದರು. ಚಿಮ್ಮಿದರು, ಎಳೆದರು, ಮುದುಡಿದರು, ಆಕಾಶ ನೀರು ಅದಲುಬದಲಾಗಿ ಮತ್ತೆ ತಮ್ಮ ಜಾಗಕ್ಕೆ ಬಂದವು. ಕೈ ಬಿಟ್ಟಿರಲಿಲ್ಲ. ನಿಂತೇ ಓಡುತ್ತ ದಂಡೆಯ ಕಡೆ ನೋಡಿದರು. ಪರೀಕ್ಷಕರು, ಸಂದೇಶ, ಪ್ರವಾಸಿಗರು, ಅಡುಗೆಯವರು, ಎಲ್ಲರ ಕತ್ತೂ ಮೇಲಕ್ಕೆ. ಹತ್ತು ಮೀಟರ್ ಎತ್ತರದಲ್ಲಿ ಪವನ್ ಇನ್ನೂ ಇಳಿದಿರಲಿಲ್ಲ.

"ಮಾಡಿದ್ರಾ? ನೋಡ್ಲಿಲ್ಲ. ಇನ್ನೊಮ್ಮೆ ಮಾಡಿ," ಎಂದರು ಪರೀಕ್ಷಕರು. ಎರಡನೆಯ ಸಲ ಕಂಬ ಮುರಿಯಿತು. ಬೇರೆ ಕಂಬ ಹೂಡುವಷ್ಟರಲ್ಲಿ ಗಾಳಿ ಇಳಿಯಿತು, ಐದು ಗಂಟೆಯಾಯಿತು. ನಮೂನೆಯಲ್ಲಿ ಜಹಾಂಗೀರರ ಹೆಸರಿನ ಮುಂದೆ ಬರೆದದ್ದು ಒಂದೇ ಪದ: 'ಪ್ರದರ್ಶಿಸಲಿಲ್ಲ.'

ದೋಣಿಯಲ್ಲಿದ್ದ ಸೀತಾರಾಮ ಹೆಗಡೆ ಪರೀಕ್ಷಕರ ಕಾರಿನವರೆಗೆ ಹೋಗಿ, ಮೊದಲ ಸುತ್ತನ್ನು ತಾವು ನೋಡಿದ್ದಾಗಿ ಹೇಳಿದರು. ದೋಣಿಯವರ ಸಾಕ್ಷಿಗೆ ನಮೂನೆಯಲ್ಲಿ ಜಾಗವಿಲ್ಲ ಎಂಬ ಉತ್ತರ ಬಂತು. "ಇಂವ ಹಾರಿದ್ದು ಆನು ಕಣ್ಣಾರೆ ನೋಡಿದ್ದಿ," ಎನ್ನುತ್ತಾರೆ ಅವರು ಈಗಲೂ, ಸಿಟ್ಟಿನಿಂದ. "ಸರೀ ತಿರುಗಿ, ಸರೀ ನಿಂತ. ಎಂತ, ಎನ್ನ ಕಣ್ಣು ಕಣ್ಣಲ್ದಾ?"

ಹಾಯಿಗಳನ್ನು ಸುತ್ತಿ ಡೀಸೆಲ್ ಕೋಣೆಯ ಅಟ್ಟಕ್ಕೆ ಹಾಕಿದ್ದಾರೆ. ಒಂದನ್ನು ಇಲಿ ಕಡಿದಿದೆ. ಜಹಾಂಗೀರ್ ಅದನ್ನೂ ಹೊಲಿದು ಇಟ್ಟಿದ್ದಾರೆ, ಯಾರೂ ಹೇಳದೆ. ಸೋಮವಾರ ಪ್ರವಾಸಿಗರಿಲ್ಲದಾಗ ಒಂದು ಗಂಟೆ ನೀರಿಗೆ ಇಳಿಯಲು ಸಂದೇಶ ಅವರು ಬಿಡುತ್ತಾರೆ. ಹತ್ತರಲ್ಲಿ ಏಳು ಲಾಗ ನಿಲ್ಲುತ್ತವೆ. ಸೀತಾರಾಮ ಹೆಗಡೆ ದೋಣಿಯಲ್ಲಿ ಕೂತು ಎಲೆ-ಅಡಿಕೆಯ ಕವಳ ಹಾಕುತ್ತ ಎಣಿಸುತ್ತಾರೆ.

ಈ ಮೇ ತಿಂಗಳಲ್ಲಿ ಅದೇ ಪರೀಕ್ಷಕರು ಮತ್ತೆ ಬರುತ್ತಾರೆ. ಈ ಸಲ ಹಾಯಿಯ ಪರೀಕ್ಷೆ ಇದೆಯೋ ಇಲ್ಲವೋ ಎಂದು ಸಂದೇಶ ಹೇಳುತ್ತಿಲ್ಲ. ಜಹಾಂಗೀರ್ ಫೆಬ್ರುವರಿಯಲ್ಲೇ ಪರೀಕ್ಷಕರಿಗೆ ಒಂದು ಅರ್ಜಿ ಕಳಿಸಿದ್ದಾರೆ. ಸಾಲೇಹಾ ಬರೆದುಕೊಟ್ಟದ್ದು, ನಾಲ್ಕೇ ಸಾಲು. ಪರೀಕ್ಷೆ ಇಡುವುದಾದರೆ ತಮ್ಮದನ್ನು ಕೈಟುಗಳು ನೆಲದ ಮೇಲಿರುವ ಹೊತ್ತಿನಲ್ಲಿ ಇಡಬೇಕು ಎಂಬ ವಿನಂತಿ. ಎರಡು ತಿಂಗಳಾಯಿತು, ಉತ್ತರವಿಲ್ಲ.

ಏಳನೆಯ ಕೈಟಿನ ಹೊಲಿಗೆ ಸವರುತ್ತ ಜಹಾಂಗೀರ್ ತಲೆ ಎತ್ತದೆ ಹೇಳುತ್ತಾರೆ: "ನಾ ಏನು ದೊಡ್ಡದು ಕೇಳಿಲ್ರಿ. ಎರಡು ಸೆಕೆಂಡ್ ಕೇಳೀನಿ."