ಓದಿ ಹೇಳದೆ ಕೂರದ ಪದ್ಮನಾಭಣ್ಣ

ಇಲ್ಲ ಮಾರಾಯ್ರೆ... ನಂಗೆ ಇನ್ನೂ ನಂಬ್ಲಿಕ್ಕೆ ಆಗುದಿಲ್ಲ...

ಕಡಬ ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ನಮ್ಮ ಆಲಂಕಾರಿನ ಪದ್ಮನಾಭಣ್ಣ ಬೆಳಿಗ್ಗೆ ಹೋಗಿಬಿಟ್ರಂತೆ.
ಹಾರ್ಟ್ ಅಟ್ಯಾಕ್.
ಆ ಸುದ್ದಿಯ ಫೋನ್ ಇಟ್ಟು ಒಂದು ಗಂಟೆ ಆಗಿರ್ಲಿಲ್ಲ... ಅವರು ತಿಂಗಳುಗಟ್ಟಲೆ ಕಾಯ್ತಿದ್ದ ಮೇಲ್ ಬಂತು.
ಅಳುದಾ, ಕುಣಿಯುದಾ ಗೊತ್ತಾಗ್ತಾ ಇಲ್ಲ. ಹಾಗಾಗಿ ಇಲ್ಲಿ ಬರೀತಿದ್ದೇನೆ.

ನಾವಿಬ್ರು ಸೇರಿ ನಡೆಸುವ ರಕ್ತದಾನಿಗಳ ವೆಬ್‌ಸೈಟ್ ನಿಮ್ಗೆ ಗೊತ್ತುಂಟು. ಪುತ್ತೂರು, ಸುಳ್ಯ, ಕಡಬ... ಯಾವ ಗ್ರೂಪಿನವರು ಎಲ್ಲಿದ್ದಾರೆ ಅಂತ ಅದರಲ್ಲಿ ಸಿಗ್ತದೆ.
ಅದರ ಹೆಸರಿನ ಕೊನೆಗೆ ಡಾಟ್ ಹಾಕಿ ಒಂದು ಬಾಲ ಉಂಟಲ್ಲ... ಸಂಘ-ಸಂಸ್ಥೆಗಳಿಗೆ ಅಂತಲೇ ಇರುವ ಬಾಲ.
ಅಂಥ ಹೆಸರುಗಳನ್ನೆಲ್ಲ ನೋಡಿಕೊಳ್ಳುವ ರಿಜಿಸ್ಟ್ರಿಯನ್ನೇ ಒಂದು ಲಾಭದ ಕಂಪೆನಿಗೆ ಮಾರ್ಲಿಕ್ಕೆ ಹೊರಟಿದ್ರು.
ಮಾರಿದ್ರೆ ಮತ್ತೆ ವರ್ಷದ ಫೀಸು ಅವರು ಹೇಳಿದ್ದೇ. ಕಟ್ಲಿಕ್ಕೆ ಆಗದಿದ್ರೆ ನಮ್ಮ ಹೆಸರು ಬೇರೆಯವರ ಪಾಲು.

ಅದಕ್ಕೆ ಆನ್‌ಲೈನ್ ಮೀಟಿಂಗ್ ಇಟ್ಟಿದ್ರು. ಯಾರು ಬೇಕಾದ್ರೂ ಎರಡು ನಿಮಿಷ ಮಾತಾಡಬಹುದು ಅಂತ.
ಪದ್ಮನಾಭಣ್ಣ ಅದನ್ನು ಗ್ರಾಮಸಭೆ ಅಂತಲೇ ತಿಳ್ಕೊಂಡ್ರು.
ಎದ್ದು ನಿಂತ್ರು. ಕ್ಯಾಮೆರಾದಲ್ಲಿ ಬರೀ ಅಂಗಿಯ ಬಟನ್...
"ಆಲಂಕಾರು ಗ್ರಾಮ, ಎರಡನೇ ವಾರ್ಡು, ಕೆಳಗಿನಮನೆ ಪದ್ಮನಾಭ" ಅಂತ ಸುರು ಮಾಡಿದ್ರು. ಪಕ್ಕದಲ್ಲಿ ಕೂತು ಇಂಗ್ಲಿಷಿಗೆ ಮಾಡುದು ನಾನು. ವಾರ್ಡು, ಮನೆ ಹೆಸರು ಅಂತಲೇ ಅರ್ಧ ನಿಮಿಷ ಹೋಯ್ತು.
ಟೈಮ್ ಆಯ್ತು ಅಂದ್ರು ಆ ಕಡೆಯಿಂದ.
"ನಾನು ಹೇಳಿದ್ದು ನಡಾವಳಿಯಲ್ಲಿ ಬರೆದು ಓದಿ ಹೇಳಿ. ಅಲ್ಲಿವರೆಗೆ ನಾನು ಕೂತ್ಕೊಳ್ಳುದಿಲ್ಲ" ಅಂದ್ರು ಇವರು.
ಊರಿನಲ್ಲೂ ಇದೇ ಹಟ. ಒಮ್ಮೆ ಸಭೆಯಲ್ಲಿ ಹಳ್ಳ ದಾಟ್ಲಿಕ್ಕೆ ಅವರು ಕೇಳಿದ ಕಾಲುಸಂಕ ನಡಾವಳಿ ಪುಸ್ತಕದಲ್ಲಿ ಕಾಣ್ಲೇ ಇಲ್ಲ, ಅಲ್ಲಿಂದ ಸುರುವಾದದ್ದು.
ನಾನು ಅಂಗಿ ಹಿಡಿದು ಎಳೆದೆ. "ಕೂತ್ಕೊಳ್ಳಿ ಮಾರಾಯ್ರೆ, ಮರ್ಯಾದೆ ಹೋಗ್ತದೆ."
ಎಲ್ಲಿ ಕೂರುದು... ಕೊನೆಗೆ ಮೀಟಿಂಗಿನ ಮೇಡಂ ಬರೆಸಿ, ಓದಿ ಹೇಳಿದ್ರು.

ಪದ್ಮನಾಭಣ್ಣಾ... ಕೇಳ್ತಾ ಉಂಟಾ?
ಮಾರುದಿಲ್ಲ ಅಂತ ತೀರ್ಮಾನ ಆಯ್ತು. ನಮ್ಮ ಹೆಸರು ನಮ್ಮದೇ.
ಮತ್ತೆ ಆ ತೀರ್ಮಾನದ ನಾಲ್ಕನೇ ಪುಟದಲ್ಲಿ ನೀವಿದ್ದೀರಿ. ದೊಡ್ಡ ದೊಡ್ಡ ವಕೀಲರ ಮಾತಿನ ನಡುವೆ... ಎರಡನೇ ವಾರ್ಡೂ ಉಂಟು, ಕೆಳಗಿನಮನೆಯೂ ಉಂಟು. ಖುಷಿಯಲ್ಲಿ ನಾಲ್ಕು ಸಲ ಓದಿದೆ.
ಅವತ್ತು ನಾಚಿಕೆಪಟ್ಟು ಅಂಗಿ ಎಳೆದದ್ದಕ್ಕೆ ಕ್ಷಮಿಸಿ.

ಪ್ರಿಂಟ್ ತೆಗೆದಿದ್ದೇನೆ. ಈಗ ಹೊರಟೆ ನಿಮ್ಮ ಮನೆಗೆ. ಯಾರು ಎಂತ ಬೇಕಾದ್ರೂ ಹೇಳ್ಲಿ, ನಿಮ್ಮದೇ ಮಾತನ್ನು ನಿಮ್ಮ ಕಿವಿಯ ಹತ್ರ ಓದಿಯೇ ಓದ್ತೇನೆ... ಈಗ ಇಲ್ಲೇ ಒಮ್ಮೆ ಓದ್ತೇನೆ, ಕೇಳಿ...

"ಖರ್ಚಿಗೆ ಬೇಕಾದಷ್ಟು ತೆಗೊಳ್ಳಿ, ಕೊಡ್ತೇವೆ. ಆದ್ರೆ ಇದು ರಕ್ತ ಬೇಕಾದವ ಗಾಬರಿಯಲ್ಲಿ ಹುಡುಕುವ ಹೆಸರು. ಇದರಲ್ಲಿ ಲಾಭ ಹುಡುಕಬೇಡಿ."

ಅವರು ಬರೆದಿದ್ದಾರೆ, ಪದ್ಮನಾಭಣ್ಣಾ. ಓದಿಯೂ ಆಯ್ತು.
ಇನ್ನು ಕೂತ್ಕೊಳ್ಳಿ...
ಶಾಂತಿಯಿಂದ ಕೂತ್ಕೊಳ್ಳಿ.