ಕಂಬ ಸುತ್ತಿ ಬಂದ ಪಟಾಕಿ

ಆಂಜನಮ್ಮ ಟೀಚರ್ ನಾಯಿ ತರಲು ಹೊರಟಾಗ ಕಗ್ಗದಾಸಪುರದ ಅವರ ಬೀದಿಯವರೆಲ್ಲ ಒಂದೇ ಮಾತು ಹೇಳಿದ್ದರು. ಮುದಿ ನಾಯಿ ತನ್ನಿ, ಮೂಲೆಯಲ್ಲಿ ಬಿದ್ದುಕೊಂಡಿರುವಂಥದ್ದು. ಟೀಚರಿಗೂ ಅದೇ ಸರಿ ಎನಿಸಿತ್ತು. ಬಲಮಂಡಿ ಸವೆದಿತ್ತು. ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. ಸರ್ಕಾರಿ ಹೈಸ್ಕೂಲಿನ ಪಿ.ಟಿ. ಟೀಚರ್ ಕೆಲಸದಿಂದ ನಿವೃತ್ತರಾಗಿ ಒಂದು ವರ್ಷ ಕಳೆದಿತ್ತು. ಓಡುವ ಪ್ರಾಣಿಯನ್ನು ಕಟ್ಟಿಕೊಂಡು ಅವರು ಮಾಡುವುದಾದರೂ ಏನು? ಹೀಗೆಲ್ಲ ಲೆಕ್ಕ ಹಾಕಿಯೇ ಕೆ.ಆರ್. ಪುರದಾಚೆಯ ಶೆಲ್ಟರಿಗೆ ಹೋದ ಹೆಂಗಸು, ಅಲ್ಲಿದ್ದ ನಾಯಿಗಳಲ್ಲೆಲ್ಲ ಒಂದು ಗಳಿಗೆಯೂ ನಿಂತಲ್ಲಿ ನಿಲ್ಲದ ಒಂದನ್ನು ಮನೆಗೆ ತಂದರು.

ತಪ್ಪು ಅಲ್ಲಿನ ಬಟ್ಟೆ ಒಣಹಾಕುವ ಕಂಬದ್ದು. ಬೀದಿಗಳಲ್ಲಿ ಸಿಕ್ಕ ನಾಯಿಗಳನ್ನು ಸಾಕಿ ಮನೆಗಳಿಗೆ ಕೊಡುವ ಆ ಜಾಗವನ್ನು ನೋಡಿಕೊಳ್ಳುತ್ತಿದ್ದ ಸೃಷ್ಟಿ ಎಂಬ ಹುಡುಗಿ, ಕಣ್ಣು ಮಂಜಾದ ಒಂದು ಸಾಧು ನಾಯಿಯನ್ನು ತೋರಿಸುತ್ತಿದ್ದಳು. ಆ ಹೊತ್ತಿಗೆ ಹಿಂದಿನ ಅಂಗಳದಲ್ಲಿ ಕಂದು ಬಣ್ಣದ ಒಂದು ಹೆಣ್ಣುನಾಯಿ, ಇನ್ನೂ ವರ್ಷ ತುಂಬದ್ದು, ಸುಮ್ಮಸುಮ್ಮನೆ ಓಡುತ್ತಿತ್ತು. ಕಂಬದ ಹತ್ತಿರ ಬಂದಾಗ ವೇಗ ಇಳಿಸಲಿಲ್ಲ. ಮೈಯನ್ನು ಒಳಕ್ಕೆ ವಾಲಿಸಿ, ಕಂಬಕ್ಕೆ ತಾಗಿಯೂ ತಾಗದಂತೆ ತಿರುಗಿ, ಬಂದ ವೇಗದಲ್ಲೇ ವಾಪಸಾಯಿತು. ಆಂಜನಮ್ಮ ಸಾಧು ನಾಯಿಯನ್ನು ಬಿಟ್ಟು ಅಂಗಳದ ಕಡೆಗೆ ನಡೆದರು.

“ಆಂಟಿ, ಅದು ಪಟಾಕಿ,” ಎಂದಳು ಸೃಷ್ಟಿ. “ಅದು ಬೇಡ. ಎರಡು ಮನೆಯವರು ವಾಪಸ್ ತಂದು ಬಿಟ್ಟಿದ್ದಾರೆ. ಮಹದೇವಪುರದ ಫ್ಲ್ಯಾಟಲ್ಲಿ ಸೋಫಾ ತಿಂದುಹಾಕ್ತು. ಫ್ರೇಜರ್ ಟೌನಲ್ಲಿ ಕಾಂಪೌಂಡ್ ಹಾರ್ತು.”

“ಆ ತಿರುವು ನೋಡಿದ್ಯಾಮ್ಮ? ಅದನ್ನ ಕಲಿಸೋಕೆ ನಾನು ಒಂದೊಂದು ಹುಡುಗಿ ಹಿಂದೆ ವರ್ಷಗಟ್ಲೆ ಬಿದ್ದಿದ್ದೀನಿ. ಇವಳಿಗೆ ಯಾರೂ ಹೇಳ್ಕೊಟ್ಟೇ ಇಲ್ಲ.”

ಈ ಮಾತಿನ ತೂಕ ತಿಳಿಯಬೇಕಾದರೆ ಆಂಜನಮ್ಮನ ಖೋಖೋ ಹುಚ್ಚು ಗೊತ್ತಿರಬೇಕು. ಕಗ್ಗದಾಸಪುರ ಇನ್ನೂ ಹಳ್ಳಿಯಾಗಿದ್ದಾಗ ಕೆರೆಯಂಗಳದಲ್ಲಿ ಲಂಗ ಎತ್ತಿಕಟ್ಟಿ ಆಡಿ ಬೆಳೆದವರು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ “ಅವತ್ತು ಮ್ಯಾಚ್ ಇತ್ತು” ಎಂದು ಬಾಯಿ ಮುಚ್ಚಿಸುತ್ತಿದ್ದರು. ಪಿ.ಟಿ. ಪೀರಿಯಡ್ಡನ್ನು ಕೇಳದೆ ಕಿತ್ತುಕೊಳ್ಳುವ ಗಣಿತದ ಮೇಷ್ಟ್ರುಗಳ ಜೊತೆ ಅವರು ಆಡಿದ ಜಗಳ ಒಂದೆರಡಲ್ಲ. ಆದರೆ ತರಗತಿಯಲ್ಲಿ ಕೂರಲಾರದ, ಕಿಟಕಿ ಹಾರುವ, ಪಕ್ಕದವಳ ಜಡೆ ಬೆಂಚಿಗೆ ಕಟ್ಟುವ ಹುಡುಗಿಯರನ್ನು ಅದೇ ಮೇಷ್ಟ್ರುಗಳು ಕಿವಿ ಹಿಡಿದು ಕಳಿಸುತ್ತಿದ್ದದ್ದು ಆಂಜನಮ್ಮನ ಹತ್ತಿರಕ್ಕೇ. ಅವರು ಯಾರನ್ನೂ ವಾಪಸು ಕಳಿಸಲಿಲ್ಲ. ಅಂಥವರನ್ನೇ ಸೇರಿಸಿ ತಂಡ ಕಟ್ಟಿ ಕಪ್ ಗೆದ್ದು ತಂದರು. ನಿವೃತ್ತರಾದ ಮೇಲೆ ಅವರಿಗೆ ಕಷ್ಟವಾದದ್ದು ಮಂಡಿನೋವಲ್ಲ. ಓಡು ಎಂದರೆ ಓಡುವವರು ಯಾರೂ ಇಲ್ಲದೆ ಹೋದದ್ದು.

ಸೃಷ್ಟಿ ಕೊನೆಗೂ ಒಪ್ಪಿದಳು, ಷರತ್ತಿನ ಮೇಲೆ. ಒಂದು ತಿಂಗಳು ಇಟ್ಟುಕೊಳ್ಳಬೇಕು. ಆಮೇಲೆ ತಾನೇ ಬಂದು ನೋಡಿ, ಪಕ್ಕದ ಮನೆಯವರನ್ನೂ ಕೇಳಿ, ಕೊಡುವುದೋ ಬಿಡುವುದೋ ಹೇಳುತ್ತಾಳೆ. “ಮೂರನೇ ಸಲ ವಾಪಸ್ ಬಂದ್ರೆ ಇದನ್ನ ಇನ್ಯಾರಿಗೂ ಕೊಡಲ್ಲ ಆಂಟಿ. ಇರೋವರೆಗೂ ಶೆಲ್ಟರಲ್ಲೇ,” ಎಂದಳು.

ಪಟಾಕಿ ಮೊದಲ ದಿನವೇ ಟೀಚರ ಹೊಸ ಚಪ್ಪಲಿಯನ್ನು ತಿಂದಿತು. ಎರಡನೆಯ ದಿನ ಉಳಿದ ಒಂಟಿ ಚಪ್ಪಲಿಯನ್ನೂ ತಿಂದು ಲೆಕ್ಕ ಸರಿಮಾಡಿತು. ಆಂಜನಮ್ಮ ಬೈಯಲಿಲ್ಲ. ಕೊರಳಿಗೆ ಹಳೆಯ ವಿಷಲ್ ಹಾಕಿಕೊಂಡು, ನಾಯಿಯನ್ನು ಕೆರೆ ಪಕ್ಕದ ಬಯಲಿಗೆ ಕರೆದುಕೊಂಡು ಹೋದರು. ವಿಷಲ್ ಊದಿದರೆ ಓಡಬೇಕು, ಅಲ್ಲಿನ ಖೋಖೋ ಕಂಬ ಸುತ್ತಿ ಬರಬೇಕು, ಬಂದರೆ ಬಿಸ್ಕತ್ತು. ಪಟಾಕಿ ವಾರದೊಳಗೆ ಕಲಿತುಬಿಟ್ಟಿತು. ಟೀಚರು ಬೀದಿಯಲ್ಲಿ ಎದೆ ಸೆಟೆಸಿ ನಡೆದರು. ಇಂಥ ಶಿಷ್ಯೆ ತಮಗೆ ಸಿಕ್ಕೇ ಇಲ್ಲ ಎಂದು ಹಾಲಿನವನಿಗೂ ಹೇಳಿದರು.

ಒಂದೇ ಒಂದು ವಿಷಯ ಅವರಿಗೆ ಹೊಳೆದಿರಲಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ ಆ ಬೀದಿಯ ಮನೆಮನೆಯಲ್ಲೂ ಕುಕ್ಕರ್ ಕೂಗುತ್ತದೆ.

ಅವರ ಕಾಂಪೌಂಡಿನಲ್ಲೇ ಇನ್ನೊಂದು ಮನೆ ಇನಾಯತ್ ಉಲ್ಲಾ ಅವರದು. ಮೇನ್ ರೋಡಿನಲ್ಲಿ ಮೊಟ್ಟೆ ಅಂಗಡಿ ಇಟ್ಟಿದ್ದ, ಜಗಳ ಗೊತ್ತಿಲ್ಲದ ಮನುಷ್ಯ. ನಾಯಿ ಎಂದರೆ ಮಾತ್ರ ಚಿಕ್ಕಂದಿನಿಂದ ಹೆದರಿಕೆ. ಒಂದು ಬೆಳಿಗ್ಗೆ ಅವರು ಮೊಟ್ಟೆಯ ಟ್ರೇಗಳನ್ನು ಕಟ್ಟಿದ್ದ ಸ್ಕೂಟರನ್ನು ಗೇಟಿನಿಂದ ಹೊರಗೆ ತಳ್ಳುತ್ತಿದ್ದಾಗ ಅವರದೇ ಮನೆಯ ಕುಕ್ಕರ್ ಕೂಗಿತು. ಪಟಾಕಿ ಬಾಣದಂತೆ ಹೊರಟಿತು. ಸ್ಕೂಟರ್ ಉರುಳಿತು, ಮೊಟ್ಟೆಗಳೆಲ್ಲ ಒಡೆದವು. ಬೀದಿಗೆ ತಿರುಗುತ್ತಿದ್ದ ಕ್ಯಾಬೊಂದು ಕಿರುಚಿಕೊಂಡು ನಿಂತಿತು. ಹಿಂದೆಯೇ ಓಡಲು ಹೋದ ಆಂಜನಮ್ಮ ಗೇಟಿನಲ್ಲಿ ಮಂಡಿ ಮಡಚಿ ಬಿದ್ದರು. ಪಟಾಕಿ ಮಾತ್ರ ಎದುರುಗಡೆಯ ಲೈಟು ಕಂಬವನ್ನು ಚೆಂದವಾಗಿ ಒಂದು ಸುತ್ತು ಹಾಕಿ ಬಂದು, ಬಿದ್ದಿದ್ದ ಟೀಚರ ಮುಂದೆ ಬಾಲ ಆಡಿಸುತ್ತ ಬಿಸ್ಕತ್ತಿಗೆ ಕಾದು ನಿಂತಿತು.

ಇನಾಯತ್ ಉಲ್ಲಾ ಮೊದಲು ಟೀಚರನ್ನು ಎಬ್ಬಿಸಿ ಕೂರಿಸಿದರು. ಆಮೇಲೆ ಹೇಳಿದರು. “ಟೀಚರಮ್ಮ, ಮೊಟ್ಟೆ ಹೋಗ್ಲಿ ಬಿಡಿ. ಆ ಕ್ಯಾಬ್ ನಿಲ್ಲದೆ ಇದ್ದಿದ್ರೆ? ಆ ಹುಡುಗಿ ಬಂದು ಕೇಳಿದ್ರೆ ನಾನು ನಡೆದದ್ದು ನಡೆದ ಹಾಗೇ ಹೇಳ್ತೀನಿ. ಸುಳ್ಳು ಹೇಳಕ್ಕಾಗಲ್ಲ.”

“ಹೇಳಿ. ಹೇಳ್ಲೇಬೇಕು,” ಎಂದರು ಆಂಜನಮ್ಮ. “ಆದ್ರೆ ಇದನ್ನೂ ಸೇರಿಸಿ ಹೇಳಿ. ತಪ್ಪು ನನ್ನದು. ಅವಳು ನಾನು ಕಲಿಸಿದ್ದನ್ನೇ ಮಾಡಿದ್ಲು.”

ಆವತ್ತೇ ಅವರು ವಿಷಲನ್ನು ಕೊರಳಿಂದ ತೆಗೆದು ಟ್ರಂಕಿಗೆ ಹಾಕಿದರು. ಇಡೀ ನೌಕರಿಯ ಉದ್ದಕ್ಕೂ ಎದೆಯ ಮೇಲಿದ್ದ ವಸ್ತು.

ಮಂಡಿ ಊದಿತ್ತು. ಬಯಲಿಗೆ ಹೋಗುವ ಮಾತೇ ಇರಲಿಲ್ಲ. ಪ್ಲಾಸ್ಟಿಕ್ ಸ್ಟೂಲನ್ನು ಗೇಟಿನ ಒಳಗೆ ಹಾಕಿಕೊಂಡು, ಸರಿಯಾಗಿ ಕುಕ್ಕರುಗಳು ಕೂಗುವ ಹೊತ್ತಿಗೇ ಹೊಸ ಪಾಠ ಶುರುಮಾಡಿದರು. ಖೋಖೋದಲ್ಲಿ ಸಾಲಾಗಿ ಕೂತವರು ತಮಗೆ ತಾವೇ ಏಳುವಂತಿಲ್ಲ. ಜೊತೆಯವಳು ಬಂದು ಬೆನ್ನು ಮುಟ್ಟಿ ಖೋ ಎನ್ನಬೇಕು, ಆಗಲೇ ಎದ್ದು ಓಡಬೇಕು. ಮೈಯೆಲ್ಲ ಓಟವಾಗಿರುವ ಹುಡುಗಿಗೆ ಕಷ್ಟವಾದದ್ದು ಓಡುವುದಲ್ಲ, ಹಾಗೆ ಕೂತು ಕಾಯುವುದು. ಆಂಜನಮ್ಮ ಕಲಿಸುತ್ತಿದ್ದದ್ದೂ ಅದನ್ನೇ. ಪಟಾಕಿಯ ಕೊರಳಿಗೆ ಹಗ್ಗ ಕಟ್ಟಿ ಪಕ್ಕದಲ್ಲಿ ಕೂರಿಸಿದರು. ಕುಕ್ಕರ್ ಕೂಗುತ್ತಿತ್ತು, ಪಟಾಕಿ ನೆಗೆಯುತ್ತಿತ್ತು, ಟೀಚರು “ಫೌಲ್” ಎಂದು ಮತ್ತೆ ಕೂರಿಸುತ್ತಿದ್ದರು. ಎಷ್ಟು ಬೆಳಗು ಹೀಗೇ ಕಳೆಯಿತೋ. ಬೀದಿಯವರು ನಕ್ಕರು, ಟೀಚರು ಲೆಕ್ಕಕ್ಕಿಡಲಿಲ್ಲ. ಕೊನೆಗೊಂದು ದಿನ ಕುಕ್ಕರ್ ಕೂಗಿದಾಗ ಪಟಾಕಿಯ ಮೈ ನಡುಗಿತು, ಬಾಯಿಂದ ಸಣ್ಣ ಕುಂಯ್ ಬಂತು, ಆದರೆ ಅದು ಕೂತೇ ಇತ್ತು. ಆಂಜನಮ್ಮ ಬೀದಿ ಖಾಲಿಯಿದೆ ಎಂದು ನೋಡಿಕೊಂಡು, ಅಂಗೈಯನ್ನು ಅದರ ಬೆನ್ನಿಗೆ ಮುಟ್ಟಿಸಿ “ಖೋ” ಎಂದು ಹಗ್ಗ ಬಿಟ್ಟರು. ಅದು ಲೈಟು ಕಂಬ ಸುತ್ತಿ ಬಂತು.

ತಿಂಗಳು ತುಂಬಿದ ಭಾನುವಾರ ಬೆಳಿಗ್ಗೆ ಸೃಷ್ಟಿ ಬಂದಳು. ಪಟಾಕಿ ಸ್ಟೂಲಿನ ಪಕ್ಕ ಕೂತಿತ್ತು. ಇನಾಯತ್ ಉಲ್ಲಾ ಅವತ್ತು ಹೇಳಿದ್ದಂತೆಯೇ ನಡೆದದ್ದೆಲ್ಲವನ್ನೂ ಹೇಳಿದರು. ಕ್ಯಾಬು, ಮೊಟ್ಟೆ, ಟೀಚರು ಬಿದ್ದದ್ದು, ತಪ್ಪು ತಮ್ಮದೆಂದು ಅವರು ಒಪ್ಪಿಕೊಂಡದ್ದು. ಸೃಷ್ಟಿ ಊದಿದ ಮಂಡಿಯನ್ನು ನೋಡಿದಳು. ಅವಳ ಮುಖ ಸಪ್ಪಗಾಯಿತು.

“ಬೇಜಾರ್ ಮಾಡ್ಕೋಬೇಡಿ ಆಂಟಿ. ಇವಳ ಹಿಂದೆ ಓಡೋಕೆ ನಿಮ್ಮ ಕೈಲಾಗಲ್ಲ. ಕರ್ಕೊಂಡು ಹೋಗ್ತೀನಿ.”

ಆಂಜನಮ್ಮ ವಾದಿಸಲಿಲ್ಲ. ಸೃಷ್ಟಿ ತಾನು ತಂದಿದ್ದ ಹಗ್ಗ ಸಿಕ್ಕಿಸಿ ಎಳೆದಳು. ಪಟಾಕಿ ಏಳಲಿಲ್ಲ. ಬಿಸ್ಕತ್ತು ತೋರಿಸಿದಳು, ಜೊಲ್ಲು ಸುರಿಯಿತೇ ಹೊರತು ಅದು ಕದಲಲಿಲ್ಲ. ಅಷ್ಟರಲ್ಲಿ ಇನಾಯತ್ ಉಲ್ಲಾ ಮನೆಯ ಕುಕ್ಕರ್ ಕೂಗಿತು, ಗೇಟು ಹಾರುಹೊಡೆದಿತ್ತು. ಪಟಾಕಿ ನಡುಗುತ್ತ ಕೂತು ಟೀಚರ ಮುಖವನ್ನೇ ನೋಡಿತು.

“ಇದ್ಯಾಕೆ ಏಳ್ತಿಲ್ಲ?” ಎಂದಳು ಸೃಷ್ಟಿ.

“ನಾನಿನ್ನೂ ಖೋ ಕೊಟ್ಟಿಲ್ಲಮ್ಮ.”

“ಕೊಡಿ ಆಂಟಿ.”

ಕೊಡುವುದಿಲ್ಲ ಎನ್ನಬಹುದಿತ್ತು. ಆದರೆ ಆಟ ಮುಗಿದ ಮೇಲೆ ಅಂಕಣ ಬಿಡದೆ ಹಟ ಹಿಡಿದವರನ್ನು ಆಂಜನಮ್ಮ ತಮ್ಮ ಜೀವಮಾನದಲ್ಲಿ ಸಹಿಸಿದವರಲ್ಲ. ಗೋಡೆ ಹಿಡಿದು ಎದ್ದರು. ಬೀದಿಯ ಎರಡೂ ಕಡೆ ನೋಡಿದರು. “ಹಗ್ಗ ಗಟ್ಟಿಯಾಗಿ ಹಿಡ್ಕೊಮ್ಮ,” ಎಂದರು. ಪಟಾಕಿಯ ಬೆನ್ನ ಮೇಲೆ ಅಂಗೈ ಇಟ್ಟು ಖೋ ಎಂದಾಗ ಅವರ ದನಿ ಅರ್ಧಕ್ಕೇ ನಿಂತಿತು.

ಪಟಾಕಿಗೆ ಅಷ್ಟು ಸಾಕಾಗಿತ್ತು. ಗೇಟು ದಾಟಿ, ಬೀದಿ ದಾಟಿ, ಹಗ್ಗದ ತುದಿಯಲ್ಲಿ ಸೃಷ್ಟಿಯನ್ನೂ ಎಳೆದುಕೊಂಡು ಲೈಟು ಕಂಬಕ್ಕೆ ಹೋಯಿತು. ಕಂಬ ಸುತ್ತುವಾಗ ಸೃಷ್ಟಿಯ ಒಂದು ಚಪ್ಪಲಿ ಅಲ್ಲೇ ಉಳಿಯಿತು. ಬಂದ ವೇಗದಲ್ಲೇ ಇಬ್ಬರೂ ವಾಪಸಾದರು. ಪಟಾಕಿ ಮೊದಲು ಕೂತಿದ್ದ ಜಾಗದಲ್ಲೇ ಮತ್ತೆ ಕೂತಿತು.

ಸೃಷ್ಟಿ ಅಲ್ಲೇ ನೆಲದ ಮೇಲೆ ಕುಸಿದು ಏದುಸಿರು ಬಿಟ್ಟಳು. “ದಿನಾ ಹೀಗೇನಾ ಆಂಟಿ?”

“ದಿನಾ. ಅವಳು ಓಡ್ತಾಳೆ, ನಾನು ಸ್ಟೂಲ್ ಮೇಲೆ ಕೂತಿರ್ತೀನಿ. ಸ್ಕೂಲಲ್ಲಿ ಮಾತ್ರ ನಾನೇನು ಮಕ್ಕಳ ಹಿಂದೆ ಓಡ್ತಿದ್ನಾ? ನಿಂತ ಕಡೆಯಿಂದ್ಲೇ ಓಡಿಸ್ತಿದ್ದೆ.”

ಇನಾಯತ್ ಉಲ್ಲಾ ಕಂಬದ ಬುಡದಿಂದ ಚಪ್ಪಲಿ ತಂದು, ನಾಯಿಗೆ ಸಿಗದಷ್ಟು ದೂರದಲ್ಲಿ ಇಟ್ಟರು. “ನಾನು ನಡೆದದ್ದು ಹೇಳ್ದೆ ಅಷ್ಟೇ,” ಎಂದರು. “ಕರ್ಕೊಂಡು ಹೋಗಿ ಅಂತ ಎಲ್ಲಿ ಹೇಳ್ದೆ?”

ಸೃಷ್ಟಿ ಕೈ ಚಾಚಿ ನಾಯಿಯ ಕೊರಳಿಂದ ಹಗ್ಗ ಬಿಚ್ಚಿ, ಸುತ್ತಿ, ತನ್ನ ಚೀಲಕ್ಕೆ ಹಾಕಿಕೊಂಡಳು.

ಆಂಜನಮ್ಮ ಸ್ಟೂಲಿನ ಮೇಲೆ ಕೂತರು. ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ, ಕೈ ತಾನಾಗಿ ಪಟಾಕಿಯ ಬೆನ್ನ ಕಡೆಗೆ ಹೋಯಿತು. ಮುಟ್ಟಿದರೆ ಮತ್ತೆ ಓಡಿಬಿಡುತ್ತದೆ ಎಂದು ನೆನಪಾಗಿ, ಬೆನ್ನು ಬಿಟ್ಟು ಅದರ ಕಿವಿಯನ್ನು ಸವರಿದರು.