ಫ್ರಿಜ್ಜಿನ ಬಾಗಿಲ ಕುಂಕುಮ

ನಮ್ಮ ಹಳೆಯ ಫ್ರಿಜ್ಜಿನ ಬಾಗಿಲಿನಲ್ಲಿ, ಹಿಡಿಕೆಗಿಂತ ಒಂದು ಗೇಣು ಮೇಲೆ, ಕುಂಕುಮದ ಬೊಟ್ಟೊಂದಿತ್ತು. ಇಟ್ಟವರು ಶಾರದಾ ಆಂಟಿ. ಆಕ್ಲೆಂಡಿಗೆ ಓದಲು ಬಂದ ನಾನು ಓದು ಮುಗಿಸಿ ಅದೇ ಊರಿನ ಮೌಂಟ್ ರಾಸ್ಕಿಲ್‌ನಲ್ಲಿ ಮೊದಲ ಬಾಡಿಗೆ ಮನೆ ಹಿಡಿದಾಗ, ಇಲ್ಲಿಯೇ ನೆಲೆಸಿದ್ದ ಧಾರವಾಡದ ಈ ಹಿರಿಯರು ತಮ್ಮ ಫ್ರಿಜ್ಜನ್ನೇ ಟ್ರೇಲರಿಗೆ ಹೇರಿಸಿ ಕಳಿಸಿ, ಹಿಂದೆಯೇ ಬಂದು ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, "ತುಂಬಿರಲಿ" ಎಂದಿದ್ದರು. ಈ ದೇಶದಲ್ಲಿ ನನ್ನ ಮನೆಗೆ ಸಿಕ್ಕ ಮೊದಲ ಹಾರೈಕೆ ಅದು. ಪ್ರತಿವರ್ಷ ಆಯುಧಪೂಜೆಯಂದು ಮಾಸಿದ ಆ ಬೊಟ್ಟಿನ ಮೇಲೆಯೇ ಹೊಸದನ್ನಿಡುತ್ತಿದ್ದೆ.

ಅಂಥ ಫ್ರಿಜ್ಜನ್ನು ನೀವೂ ಕಂಡಿರಬಹುದು. ಬಾಗಿಲಿನ ರಬ್ಬರು ಸಡಿಲ, ಒಳಗೆ ಮಂಜಿನ ಗೋಡೆ. ಮೋಟಾರು ಅಪರೂಪಕ್ಕೆ ನಿಂತರೂ ಮೈ ಕೊಡವಿಕೊಂಡು ಮತ್ತೆ ಹೊರಡುತ್ತಿತ್ತು. ನನ್ನೊಡನಿದ್ದು ಓದುತ್ತಿದ್ದ ತಂಗಿ ಮೇಘಾ, "ಅಕ್ಕಾ, ಇದು ಫ್ರಿಜ್ಜಲ್ಲ, ದಿಬ್ಬ ಹತ್ತೋ ಬಸ್ಸು" ಎನ್ನುತ್ತಿದ್ದಳು.

ವಿದ್ಯುತ್ ಉಳಿಸುವ ಫ್ರಿಜ್ಜುಗಳ ವಿಷಯ ನನಗೆ ತಿಳಿಯದ್ದಲ್ಲ. ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು ನಾನು, ಅಳೆಯುವುದೇ ಅಭ್ಯಾಸ. ಅಂಗಡಿಯಲ್ಲಿ ಒಂದೊಂದರ ಮೇಲೂ ಅಂಟಿಸಿದ ಕೆಂಪು ಚೀಟಿಯ ನಕ್ಷತ್ರಗಳನ್ನು ಎಣಿಸಿ, ವರ್ಷಕ್ಕೆಷ್ಟು ವಿದ್ಯುತ್ತು ಎಂಬುದನ್ನು ಓದಿ, ಬರಿಗೈಯಲ್ಲಿ ಹಿಂತಿರುಗುತ್ತಿದ್ದೆ. ಜನ ಇಂಥದ್ದನ್ನು ಕೊಳ್ಳುವುದು ಯಾವ ಪ್ರೇರಣೆಯಿಂದ? ಬಿಲ್ಲಿನ ಹೆದರಿಕೆಯೋ, ಭೂಮಿಯ ಮೇಲಿನ ಕಾಳಜಿಯೋ, ಪಕ್ಕದ ಮನೆಗೆ ಬಂದ ಹೊಸ ಪೆಟ್ಟಿಗೆಯೋ ಎಂದು ತರ್ಕಿಸಬಹುದು. ಆದರೆ ನನ್ನನ್ನು ತಡೆದಿದ್ದ ಪ್ರಶ್ನೆ ಯಾವ ಚೀಟಿಯಲ್ಲೂ ಇರಲಿಲ್ಲ: ಆಂಟಿ ಏನಂದುಕೊಂಡಾರು? ಜ್ವರ ಬಂದಾಗ ಗಂಜಿ ತಂದುಕೊಟ್ಟ, ಈ ಊರಿನಲ್ಲಿ ನನಗಿದ್ದ ಒಬ್ಬರೇ ಹಿರಿಯರು ಅವರು. ಅವರ ಮನಸ್ಸು ನೋಯಿಸಿ ಗಳಿಸುವ ನಕ್ಷತ್ರ ನನಗೆ ಬೇಕಿರಲಿಲ್ಲ. ಕೊನೆಗೆ ಒಂದು ಉಪಾಯ ಹೊಳೆಯಿತು. ಹೊಸದು ಅಡುಗೆಮನೆಗೆ ಬರಲಿ, ಹಳೆಯದು ಗ್ಯಾರೇಜಿನಲ್ಲಿ ಓಡುತ್ತಿರಲಿ. ಅಳತೆ ಬಲ್ಲವಳ ಲೆಕ್ಕಾಚಾರ ನೋಡಿ!

ಒಂದು ಭಾನುವಾರ ಆಂಟಿ ಊಟಕ್ಕೆ ಬಂದರು. ತಟ್ಟೆ ಹಾಕುವ ಹೊತ್ತಿಗೆ ಫ್ರಿಜ್ಜು ಎಂದಿನಂತೆ ಮೈ ಕೊಡವಿತು. ಅವರು ತಿರುಗಿ ನೋಡಿದರು.

"ಇದಿನ್ನೂ ಜೀವ ಹಿಡ್ಕೊಂಡದ ಏನವಾ?"

"ನೀವು ಕೊಟ್ಟಿದ್ದಲ್ವಾ ಆಂಟಿ."

"ಕೊಟ್ಟೆ, ಖರೆ. ಒಂದು ವರ್ಷ ನಡೀಲಿ ಅಂತ ಕೊಟ್ಟೆ. ನೀ ಅದನ್ನ ಮನಿದೇವ್ರು ಮಾಡ್ಕೊಂಡು ಕೂತೀಯಲ್ಲ."

ಮೇಘಾ ಸುಮ್ಮನಿರಲಿಲ್ಲ. "ಅಕ್ಕ ಹೊಸದು ತಂದು ಇದನ್ನ ಗ್ಯಾರೇಜಲ್ಲಿ ಓಡಿಸ್ತಾಳಂತೆ ಆಂಟಿ."

"ಎರಡೆರಡ? ಕರೆಂಟ್ ಉಳಸೂದು ಅಂದ್ರ ಇದೇನು?" ಎಂದು ನಕ್ಕವರು, ಆಮೇಲೆ ದನಿ ತಗ್ಗಿಸಿದರು. "ಹೇಳಬೇಕಂತ ಎಷ್ಟು ಸಲ ಬಾಯಿ ತಗದೀನಿ ಗೊತ್ತೇನು? ಕೊಟ್ಟಾಕಿನೇ 'ಒಗದುಬಿಡು' ಅಂದ್ರ ನಿನಗ ಹ್ಯಾಂಗ ಅನಸ್ತದೋ ಅಂತ ಸುಮ್ಮನಾದೆ."

ಹಿಡಿದಿದ್ದ ಸಾರಿನ ಸೌಟನ್ನು ನಾನು ಪಾತ್ರೆಗೆ ಇಳಿಬಿಟ್ಟೆ. ಇಬ್ಬರು ಹೆಂಗಸರ ಸಂಕೋಚ ಇಷ್ಟು ವರ್ಷ ಹಗಲಿರುಳೂ ಕರೆಂಟು ತಿಂದಿತ್ತು. ಆ ದಿನ ನಾನು ಎರಡನೆಯ ಬಾರಿಯೂ ಅನ್ನ ಬಡಿಸಿಕೊಂಡೆ.

ಮುಂದಿನ ಶನಿವಾರ ಹೊಸದು ಬಂತು. ತಂದವರೇ ಹಳೆಯದನ್ನು ಒಯ್ದರು. ಈಗ ಅಡುಗೆಮನೆಯಲ್ಲಿ ಗೋಡೆಗಡಿಯಾರದ ಸದ್ದು ಕೇಳುತ್ತದೆ. ಅದಕ್ಕೂ ಸದ್ದಿದೆಯೆಂದು ನನಗೆ ತಿಳಿದೇ ಇರಲಿಲ್ಲ. ಸಂಜೆ ಆಂಟಿ ಕುಂಕುಮದ ಭರಣಿ ಹಿಡಿದು ಬಂದರು.

"ಈ ಚಿಕ್ಕಿ ಚೀಟಿ ಕೀಳೂದಿಲ್ಲೇನು?" ಬಾಗಿಲ ಮೇಲಿನ ನಕ್ಷತ್ರಗಳ ಚೀಟಿ ತೋರಿಸಿ ಕೇಳಿದರು.

"ಇರ್ಲಿ ಆಂಟಿ."

ಚೀಟಿಯ ಪಕ್ಕದಲ್ಲಿ, ಹಿಡಿಕೆಗಿಂತ ಒಂದು ಗೇಣು ಮೇಲೆ, ಅವರು ಬೊಟ್ಟಿಟ್ಟರು. "ತುಂಬಿರಲಿ," ಎಂದರು. ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಮತ್ತೊಂದು ಮಾತು ಸೇರಿಸಿದರು. "ಹಳೇದಾದ ಮ್ಯಾಲೆ ನನ್ನ ಮುಖ ನೋಡಬ್ಯಾಡ. ಕಳಿಸಿಬಿಡು."